ಎರವಲು ಕೊಟ್ಟ ಕೋಟು ಮತ್ತು ಕಿರೀಟದ ದುರ್ಬಳಕೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಹಳೆಯ ಚಲನಚಿತ್ರಗಳ ಉಡುಪು ಹಾಗೂ ಸ್ಮರಣಿಕೆಗಳ ಪ್ರದರ್ಶನ, ಬೆಂಗಳೂರು

ಮಾನ್ಯರೇ,

ನನ್ನ ತಂದೆಯವರು ಹೊಲಿದ ಮುಕಮಲ್ಲಿನ ಕೋಟನ್ನೂ ಅದರ ಜೊತೆಯ ಕಿರೀಟವನ್ನೂ ನಿಮ್ಮ ಪ್ರದರ್ಶನಕ್ಕೆ ಎರವಲು ಕೊಟ್ಟವಳು ನಾನು. ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು, ಯಾರೂ ತೊಡಬಾರದು, ವಿವರದ ಫಲಕಕ್ಕೆ ಕೊಟ್ಟವರ ಒಪ್ಪಿಗೆ ಪಡೆಯಬೇಕು ಎಂಬ ಷರತ್ತುಗಳನ್ನು ಬರೆದು, ಮೊಹರು ಹಾಕಿ ಕೊಟ್ಟವರು ನೀವೇ ಆಗಿರುವುದರಿಂದ ಅವು ನಿಮಗೆ ತಿಳಿದಿಲ್ಲವೆಂದು ನಾನು ಭಾವಿಸಲಾರೆ. ಫೋನಿನಲ್ಲಿ ವಿನಯದಿಂದ ಕೇಳಿದ್ದೆಲ್ಲ ವ್ಯರ್ಥವಾಯಿತು. "ಸಂಬಂಧಪಟ್ಟವರು ಕರೆ ಮಾಡುತ್ತಾರೆ" ಎಂಬ ಮಾತಿನ ಆಚೆಗೆ ನಿಮ್ಮ ಕಚೇರಿ ಹೋಗಲೇ ಇಲ್ಲ.

ಮೊದಲಿಗೆ ಫಲಕದ ಸುಳ್ಳಿನ ವಿಚಾರ. 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ಡಾ. ರಾಜಕುಮಾರ್ ಅವರು ಇದೇ ಕೋಟನ್ನು ತೊಟ್ಟಿದ್ದರೆಂದು ನೀವು ಬರೆಸಿದ್ದೀರಿ. ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ನನ್ನ ತಂದೆ ಕೋಡಂಬಾಕ್ಕಂನ ಒಂದು ಉಡುಪಿನ ಅಂಗಡಿಯಲ್ಲಿ ಟೈಲರ್ ಆಗಿದ್ದರು. ಈ ಕೋಟನ್ನು ಅವರು ಒಂದು ಪೌರಾಣಿಕ ಚಿತ್ರದ ಸಹನಟರೊಬ್ಬರಿಗಾಗಿ ಹೊಲಿದರು. ಅಳತೆ ಪುಸ್ತಕದ ಆ ಪುಟದ ನಕಲನ್ನು ಕೋಟಿನ ಜೊತೆಯಲ್ಲೇ ನಿಮಗೆ ಕೊಟ್ಟಿದ್ದೇನೆ. 'ಶ್ರೀ ಕೃಷ್ಣದೇವರಾಯ' ವರ್ಣಚಿತ್ರ, ಈ ಕೋಟು ಕಪ್ಪು-ಬಿಳುಪಿನ ಚಿತ್ರಕ್ಕೆಂದೇ ಹೊಲಿದದ್ದು. ಕಪ್ಪು-ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಾಣಬಹುದಾದ್ದರಿಂದ ಬಟ್ಟೆಯ ಬಣ್ಣಕ್ಕಿಂತ ಹೊಳಪು ಮತ್ತು ಕಡು-ತಿಳಿಗಳ ಅಂತರವೇ ಮುಖ್ಯವಾಗಿತ್ತು. ಕಂದು ಮುಕಮಲ್ಲಿಗೆ ಮಾಸಲು ಹಳದಿಯ ಅಂಚು ಕೊಟ್ಟು, ಅದರ ಮೇಲೆ ದಪ್ಪ ಜರಿ ಕೂರಿಸಿದ್ದು ಅದಕ್ಕಾಗಿಯೇ. ಬಣ್ಣದ ಕ್ಯಾಮೆರಾದ ಮುಂದೆ ರಾಜನ ಪಾತ್ರಕ್ಕೆ ಯಾವ ಟೈಲರೂ ಇಂಥ ಜೋಡಿಯನ್ನು ಆರಿಸುತ್ತಿರಲಿಲ್ಲ. ಇಷ್ಟನ್ನು ಗುರುತಿಸಬಲ್ಲ ಒಬ್ಬರಾದರೂ ನಿಮ್ಮಲ್ಲಿ ಇರಬೇಕಿತ್ತು. ಅಣ್ಣಾವ್ರ ಹೆಸರಿಗೆ ಸುಳ್ಳಿನ ಆಸರೆ ಬೇಕಿಲ್ಲ, ನನ್ನ ತಂದೆಯ ಕೈಕೆಲಸಕ್ಕೆ ಬೇರೆಯವರ ಹೆಸರಿನ ಆಸರೆ ಬೇಕಿಲ್ಲ. ಹೊಲಿದವರ ಹೆಸರಂತೂ ಫಲಕದ ಯಾವ ಮೂಲೆಯಲ್ಲೂ ಇಲ್ಲ.

ಫಲಕವನ್ನು ಓದಿ ಮುಂದೆ ಬಂದಾಗ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಪಕ್ಕದ ಫೋಟೊ ಮೂಲೆಯಲ್ಲಿ ಕಾಲೇಜು ಹುಡುಗನೊಬ್ಬ ಅದೇ ಕೋಟಿನೊಳಗೆ ತೋಳು ತೂರಿಸುತ್ತಿದ್ದ. ನಿಮ್ಮ ಸಿಬ್ಬಂದಿ ಹಿಂದಿನಿಂದ ಅದನ್ನು ಎಳೆಯುತ್ತಿದ್ದರು. ಕಂಕುಳ ಬಳಿಯ ಹೊಲಿಗೆ ಬಿಡುವ ಸದ್ದು ನನಗೆ ಕೇಳಿಸಿತು. ತೆಗೆಯಿರಿ ಎಂದು ಮುಂದೆ ಹೋದರೆ ನಿಮ್ಮ ಮೇಲ್ವಿಚಾರಕರು ಅಡ್ಡ ಬಂದು, "ಮೇಡಂ, ಟೋಕನ್ ತಗೊಂಡು ಲೈನಲ್ಲಿ ಬನ್ನಿ" ಎಂದರು. ಇದು ನನ್ನ ತಂದೆಯವರು ಹೊಲಿದದ್ದು, ಎರವಲು ಕೊಟ್ಟವಳು ನಾನೇ ಎಂದು ರಸೀದಿ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. "ಹಳೇ ಬಟ್ಟೆ ಅಲ್ವಾ ಮೇಡಂ, ಕೊಡೋವಾಗ ಡ್ರೈ ಕ್ಲೀನ್ ಮಾಡ್ಸಿ ಕೊಡ್ತೀವಿ" ಎಂದರು. ಫಲಕದಲ್ಲಿರುವುದು ಸುಳ್ಳೆಂದು ಹೇಳಿದಾಗ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ರಾಜಕುಮಾರ್ ಹೆಸ್ರು ಹಾಕ್ದಿದ್ರೆ ನಿಮ್ಮಪ್ಪನ ಕೋಟ್ ಯಾರು ನೋಡ್ತಾರೆ?" ಎಂದರು. ಕೆಲವರು ನಕ್ಕರು. ಆ ಹುಡುಗ ಮಾತ್ರ "ಸಾರಿ ಆಂಟಿ" ಎಂದು ಕೋಟನ್ನು ಕಳಚಿ ಕೊಡಲು ಬಂದ. ನಿಮ್ಮವರು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮುಂದಿನವರ ಹೆಗಲಿಗೆ ಹಾಕಿದರು. ಆಮೇಲೆ ಸೆಕ್ಯುರಿಟಿಯವರನ್ನು ಕರೆಸಿ, ಬಾಗಿಲ ಬಳಿ ನನ್ನ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿಸಿದರು. ಮಾತ್ರೆಯ ಡಬ್ಬಿ, ಕನ್ನಡಕ, ಮನೆಯ ಬೀಗದ ಕೈಯನ್ನು ಒಂದೊಂದಾಗಿ ಎತ್ತಿ ನೋಡಿದರು. ಎರವಲು ಕೊಟ್ಟವಳನ್ನೇ ಕಳ್ಳಿಯಂತೆ ನಿಲ್ಲಿಸಲು ಇಷ್ಟು ಎಚ್ಚರ ವಹಿಸಬಲ್ಲವರು ಅದರಲ್ಲಿ ಒಂದಂಶವನ್ನು ಆ ಕೋಟಿನ ಮೇಲೆ ಏಕೆ ಇಡಲಿಲ್ಲ?

ಡ್ರೈ ಕ್ಲೀನ್ ಮಾಡಿಸಿದರೆ ಸರಿಹೋಗುವ ಹಾನಿ ಇದಲ್ಲ. ಮಲಗಿದ ಮುಕಮಲ್ಲಿನ ಎಳೆ ಮತ್ತೆ ಮೊದಲಿನಂತೆ ಏಳುವುದಿಲ್ಲ. ಬೆವರು ತಾಗಿದ ಜರಿ ಕಪ್ಪಾಗುತ್ತದೆ. ರಟ್ಟು, ಬಟ್ಟೆ, ಅಂಟು ಮತ್ತು ಗಾಜಿನ ಹರಳುಗಳಿಂದ ಮಾಡಿದ ಕಿರೀಟವನ್ನು ನೀವು ಬಿಸಿ ದೀಪದ ಕೆಳಗೇ ಇಟ್ಟಿದ್ದೀರಿ. ಹಳೆಯ ಬಟ್ಟೆಯ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳು ಪಾಲಿಸಿಕೊಂಡು ಬಂದ ಮಿತಿ, ಏಕೆಂದರೆ ಬೆಳಕಿನ ಹಾನಿ ಕೂಡುತ್ತಲೇ ಹೋಗುತ್ತದೆ, ಆಮೇಲೆ ಕತ್ತಲಲ್ಲಿಟ್ಟರೂ ವಾಸಿಯಾಗುವುದಿಲ್ಲ. ಮರ್ಲಿನ್ ಮನ್ರೋ 1962ರಲ್ಲಿ ತೊಟ್ಟಿದ್ದ ಗೌನನ್ನು 2022ರಲ್ಲಿ ಇನ್ನೊಬ್ಬರು ತೊಟ್ಟಾಗ, ಚಾರಿತ್ರಿಕ ಉಡುಪುಗಳನ್ನು ಯಾರೂ ಧರಿಸಬಾರದೆಂದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಉಡುಪು ಸಮಿತಿಯೇ ಹೇಳಿಕೆ ಕೊಟ್ಟಿತು. 'ಗಾಂಧಿ' ಚಿತ್ರದ ಉಡುಪುಗಳಿಗೆ ಆಸ್ಕರ್ ಪಡೆದ ಭಾನು ಅಥೈಯಾ ಅವರು ಆ ಪ್ರಶಸ್ತಿಯನ್ನೇ 2012ರಲ್ಲಿ ಅಮೆರಿಕದ ಅಕಾಡೆಮಿಗೆ ಮರಳಿಸಿದರು. ಇಲ್ಲಿ ಅದು ಸುರಕ್ಷಿತವಾಗಿ ಉಳಿದೀತೆಂಬ ನಂಬಿಕೆ ಅವರಿಗೆ ಇರಲಿಲ್ಲ. ಆ ಸುದ್ದಿ ಓದಿದಾಗ ನಾನು ನೊಂದುಕೊಂಡಿದ್ದೆ. ನಿಮ್ಮ ಫೋಟೊ ಮೂಲೆಯನ್ನು ನೋಡಿದ ಮೇಲೆ ಅವರ ಭಯ ನನಗೆ ಅರ್ಥವಾಗಿದೆ.

ಈ ಪತ್ರ ತಲುಪಿದ 7 ದಿನಗಳೊಳಗೆ ಕೋಟನ್ನೂ ಕಿರೀಟವನ್ನೂ ಈಗಿನ ಸ್ಥಿತಿಯಲ್ಲೇ, ಒಗೆಯದೆ, ಇಸ್ತ್ರಿ ಮಾಡದೆ, ಹೊಲಿಯದೆ ನನ್ನ ಮನೆಗೆ ತಲುಪಿಸಬೇಕು. ಆ ಫಲಕವನ್ನು ಇಂದೇ ತೆಗೆಯಬೇಕು. ದುರಸ್ತಿಯ ಖರ್ಚನ್ನು ವಸ್ತ್ರ ಸಂರಕ್ಷಣಾ ತಜ್ಞರೊಬ್ಬರಿಂದ ಅಂದಾಜು ಮಾಡಿಸಿ ಭರಿಸಬೇಕು. ತಪ್ಪಿದರೆ, ನಂಬಿಕೆ ದ್ರೋಹಕ್ಕಾಗಿ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಪೊಲೀಸರಿಗೆ, ಸುಳ್ಳು ಫಲಕ ತೋರಿಸಿ ಟಿಕೆಟ್ ಮಾರಿದ್ದಕ್ಕಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರಕ್ಕೆ ದೂರು ಕೊಡುತ್ತೇನೆ. ಎರಡೂ ಅರ್ಜಿಗಳು ಸಿದ್ಧವಾಗಿವೆ. ವಸ್ತುಗಳನ್ನು ಕೊಟ್ಟ ಉಳಿದ ಕುಟುಂಬಗಳ ಪರಿಚಯ ನನಗಿದೆ. ಹರಿದ ಕಂಕುಳಿನ ಫೋಟೊ ಹಿಡಿದು ಅವರ ಮನೆಗಳಿಗೂ ಹೋಗುತ್ತೇನೆ. ನಿಮ್ಮ ಪ್ರದರ್ಶನ ಮುಂದೆ ಮೈಸೂರಿಗೂ ಹುಬ್ಬಳ್ಳಿಗೂ ಹೋಗಲಿದೆಯೆಂದು ಪೋಸ್ಟರಿನಲ್ಲಿ ನೋಡಿದೆ. ಅಲ್ಲಿ ನಿಮಗೆ ಖಾಲಿ ಪೆಟ್ಟಿಗೆಗಳಷ್ಟೇ ಉಳಿಯುವಂತೆ ನೋಡಿಕೊಳ್ಳುತ್ತೇನೆ.

ಇಂತಿ,
ಆ ಕೋಟನ್ನು ಹೊಲಿದವರ ಮಗಳು
(ಲಗತ್ತು: ಎರವಲು ಒಪ್ಪಂದ, ರಸೀದಿ, ಅಳತೆ ಪುಸ್ತಕದ ಪುಟ, ಫೋಟೊಗಳು)