ರೆಸಿಸ್ಟಿವಿಟಿ ಪಾಠ ಹೊಲದಲ್ಲೇ ನಡೆಯಲಿ

ಮಾನ್ಯರೆ,

ನೆಲವು ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅಂದರೆ ರೋಧಶೀಲತೆಯನ್ನು, ಅಳೆಯುವ ರೆಸಿಸ್ಟಿವಿಟಿ ಮೀಟರ್ ಹಿಡಿದು ಕೊಳವೆಬಾವಿಗೆ ಪಾಯಿಂಟ್ ತೋರಿಸಲು ಹಳ್ಳಿಗಳಿಗೆ ಹೋಗುವವರಲ್ಲಿ ಭೂವಿಜ್ಞಾನದ ಪದವೀಧರರೂ ಇದ್ದಾರೆ. ಅವರ ಮಾತು ನಂಬಿ ರೈತರು ಸಾಲ ತಂದು ಬೋರ್ ಹಾಕಿಸುತ್ತಾರೆ. ಹೀಗಿರುವಾಗ ಪದವಿಯ ಭೂಭೌತಶಾಸ್ತ್ರ ಪತ್ರಿಕೆಯಲ್ಲಿ ಈ ವಿಧಾನ ಎರಡು ಸೂತ್ರ, ಒಂದು ಚಿತ್ರಕ್ಕೆ ಮುಗಿಯಬಾರದು. ನೆಲಕ್ಕೆ ಗೂಟ ಹೊಡೆಸಿಯೇ ಕಲಿಸಬೇಕು. ಈ ಉಪಕರಣ ಏನನ್ನು ಹೇಳಲಾರದು ಎಂಬುದನ್ನೂ ಪರೀಕ್ಷೆಯಲ್ಲಿ ಕೇಳಬೇಕು.

ಮೊದಲ ಪಾಠಕ್ಕೆ ದುಬಾರಿ ಯಂತ್ರ ಬೇಡ. ನಾಲ್ಕು ಸ್ಟೀಲ್ ಗೂಟ, ವೈರಿನ ಸುರುಳಿ, ಸರಣಿಯಲ್ಲಿ ಜೋಡಿಸಿದ 12 ವೋಲ್ಟಿನ ಐದು ಬ್ಯಾಟರಿ, ಎರಡು ಡಿಜಿಟಲ್ ಮಲ್ಟಿಮೀಟರ್ ಸಾಕು. ಒಂದೇ ಸಾಲಿನಲ್ಲಿ 10 ಮೀಟರಿಗೊಂದರಂತೆ ಗೂಟ ಹೊಡೆದು, ಹೊರಗಿನ ಎರಡಕ್ಕೆ 100 ಮಿಲಿಆಂಪಿಯರ್ ಕರೆಂಟ್ ಬಿಟ್ಟಾಗ ಒಳಗಿನ ಎರಡರ ನಡುವೆ 200 ಮಿಲಿವೋಲ್ಟ್ ಸಿಕ್ಕಿತೆನ್ನಿ. ರೋಧ 2 ಓಮ್. ಅದನ್ನು 2π × 10ರಿಂದ (10 ಎಂದರೆ ಗೂಟಗಳ ಅಂತರ) ಗುಣಿಸಿದರೆ ರೋಧಶೀಲತೆ ಸುಮಾರು 126 ಓಮ್-ಮೀಟರ್. ಹೀಗೆ ಸಮಾನ ಅಂತರದಲ್ಲಿ ಗೂಟ ಹೊಡೆಯುವುದು ವೆನ್ನರ್ ಜೋಡಣೆ. ಬೇಸಿಗೆಯ ಒಣ ಮಣ್ಣಿನಲ್ಲಿ 10 ಮಿಲಿಆಂಪಿಯರ್ ಹರಿಸುವುದೂ ಕಷ್ಟ; ಹೊರಗಿನ ಗೂಟಗಳ ಬುಡಕ್ಕೆ ಉಪ್ಪುನೀರು ಹುಯ್ದು ಇನ್ನಷ್ಟು ಆಳಕ್ಕೆ ಹೊಡೆಯಬೇಕು. ಕರೆಂಟ್ ಬಿಡುವ ಮುನ್ನ ಗೂಟದ ಬಳಿಯವರು ಕೈ ತೆಗೆದಿದ್ದಾರೆಯೇ ಎಂದು ಪ್ರತಿ ಸಲವೂ ಕೂಗಿ ಕೇಳುವ ಅಭ್ಯಾಸ ಮೊದಲ ದಿನವೇ ಆಗಬೇಕು, ಏಕೆಂದರೆ ಮುಂದೆ ಬಳಸುವ ಮೀಟರುಗಳು ನೂರಾರು ವೋಲ್ಟ್ ಕೊಡುತ್ತವೆ.

ಆಳ ಅಳೆಯಲು ಸಾಮಾನ್ಯವಾಗಿ ಬಳಸುವುದು ಶ್ಲಂಬರ್ಜರ್ ಜೋಡಣೆ; ಇದರಲ್ಲಿ ಒಳಗಿನ ಗೂಟಗಳನ್ನು ಹತ್ತಿರವೇ ಇಟ್ಟು ಹೊರಗಿನವನ್ನು ಹಂತಹಂತವಾಗಿ ದೂರ ಸರಿಸುತ್ತಾರೆ. ತಪ್ಪುಗಳು ಹೆಚ್ಚಾಗಿ ನುಸುಳುವುದೂ ಇಲ್ಲೇ. ಹೊರಗಿನ ಗೂಟಗಳು ಮಧ್ಯಬಿಂದುವಿನಿಂದ ತಲಾ 100 ಮೀಟರ್ ದೂರದಲ್ಲಿವೆ, ಒಳಗಿನವುಗಳ ನಡುವೆ 2 ಮೀಟರ್ ಇದೆ, ನೆಲದ ರೋಧಶೀಲತೆ 300 ಓಮ್-ಮೀಟರ್ ಎಂದುಕೊಳ್ಳಿ. 100 ಮಿಲಿಆಂಪಿಯರಿಗೆ ಸಿಗುವುದು ಬರೀ 1.9 ಮಿಲಿವೋಲ್ಟ್. ಒಳಗಿನ ಅಂತರವನ್ನು 10 ಮೀಟರಿಗೆ ಹಿಗ್ಗಿಸಿದರೆ 9.6 ಆಗುತ್ತದೆ. ಕರೆಂಟ್ ಬಿಡದಿದ್ದಾಗಲೂ ಗೂಟಗಳ ನಡುವೆ ಇದಕ್ಕಿಂತ ಹೆಚ್ಚು ವೋಲ್ಟೇಜ್ ಇರಬಹುದು. ಆದ್ದರಿಂದ ಕರೆಂಟಿನ ದಿಕ್ಕು ತಿರುಗಿಸಿ ಎರಡು ಸಲ ಅಳೆದು, ಆ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಬೇಕು. ಒಳಗಿನ ಅಂತರ ಬದಲಿಸಿದಾಗ ಹೊರಗಿನ ಗೂಟಗಳನ್ನು ಅಲ್ಲಿಯೇ ಬಿಟ್ಟು ಹಳೆಯ ಮತ್ತು ಹೊಸ ಅಂತರಗಳೆರಡರಲ್ಲೂ ಓದಬೇಕು. ಇದನ್ನು ಬಿಟ್ಟರೆ, ಹೊರಗಿನ ಗೂಟಗಳ ದೂರಕ್ಕೆ ತಕ್ಕಂತೆ ರೋಧಶೀಲತೆ ಗುರುತಿಸಿ ಎಳೆಯುವ ಗ್ರಾಫ್ ಮುರಿದಂತಾಗಿ, ಮುರಿದ ಜಾಗವನ್ನೇ ನೀರಿನ ಪದರ ಎಂದು ಓದುವ ಅಪಾಯವಿದೆ.

ಹೊರಗಿನ ಗೂಟಗಳ ದೂರದ ಅರ್ಧದಷ್ಟು ಆಳ ಕಾಣುತ್ತದೆಂಬ ನಂಬಿಕೆ ಕ್ಷೇತ್ರದಲ್ಲಿ ಬಲವಾಗಿದೆ. ಇದು ತಪ್ಪು. ಏಕರೂಪದ ನೆಲದಲ್ಲಿ ಅಳತೆಗೆ ಅತಿ ಹೆಚ್ಚು ಕೊಡುಗೆ ನೀಡುವ ಆಳ ಶ್ಲಂಬರ್ಜರ್ ಜೋಡಣೆಯಲ್ಲಿ ಒಟ್ಟು ಉದ್ದದ ಎಂಟನೇ ಒಂದು ಭಾಗ ಮಾತ್ರ ಎಂದು ಭೂಭೌತವಿಜ್ಞಾನಿಗಳಾದ ರಾಯ್ ಮತ್ತು ಅಪ್ಪಾರಾವ್ 1971ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. 400 ಮೀಟರ್ ವೈರ್ ಎಳೆದರೂ ಅದು 50 ಮೀಟರ್, ಅಂದರೆ ಸುಮಾರು 165 ಅಡಿ. ಕೋಲಾರ, ಚಿಕ್ಕಬಳ್ಳಾಪುರದ ಗಟ್ಟಿ ಬಂಡೆಯಲ್ಲಿ 800 ಅಡಿಯಲ್ಲಿರುವ ಎರಡಡಿ ಬಿರುಕು ಈ ಗ್ರಾಫಿನಲ್ಲಿ ಕಾಣುವುದಿಲ್ಲ. ಗ್ರಾಫಿನ ಸಣ್ಣ ಕೊಂಕುಗಳನ್ನು ಆಳದ ಬಿರುಕೆಂದು ಗುರುತಿಸುವವರಿದ್ದಾರೆ. ಸಮತಲ ಪದರಗಳ ಮೇಲೆ ವಕ್ರರೇಖೆ ನಯವಾಗಿಯೇ ಸಾಗಬೇಕು, ಲಾಗ್-ಲಾಗ್ ಹಾಳೆಯಲ್ಲಿ (ಎರಡೂ ಅಕ್ಷಗಳಲ್ಲಿ ಲಾಗರಿದಮ್ ಅಳತೆಯಿರುವ ಗ್ರಾಫ್ ಹಾಳೆ) 45 ಡಿಗ್ರಿಗಿಂತ ಕಡಿದಾಗಿ ಏರಲಾರದು. ಕೊಂಕು ಬಂದರೆ ಸಡಿಲ ಗೂಟ, ಸುಲಿದ ವೈರ್, ಹೂತ ಪೈಪು, ತಂತಿಬೇಲಿ ಅಥವಾ ಪಕ್ಕದಲ್ಲೇ ಹಾದುಹೋಗಿರುವ ಡೈಕ್ (ಬಂಡೆಯ ಬಿರುಕಿನಲ್ಲಿ ಶಿಲಾರಸ ಗಟ್ಟಿಯಾಗಿ ಆದ ಗೋಡೆಯಂಥ ಕಲ್ಲು) ಇದೆಯೇ ಎಂದು ಮೊದಲು ನೋಡಬೇಕು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಮೇಲೆ 10 ಮೀಟರ್ ಒಣ ಪದರ, ತಳದಲ್ಲಿ ಗಟ್ಟಿ ಬಂಡೆ ಇರುವಲ್ಲಿ, ನಡುವೆ 20 ಓಮ್-ಮೀಟರಿನ 4 ಮೀಟರ್ ಪದರವಿದ್ದರೂ 40 ಓಮ್-ಮೀಟರಿನ 8 ಮೀಟರ್ ಪದರವಿದ್ದರೂ ಗ್ರಾಫ್ ಬಹುತೇಕ ಒಂದೇ, ಏಕೆಂದರೆ ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿದರೆ ಎರಡರಲ್ಲೂ 0.2. ಮೊದಲನೆಯದು ನೀರು ಬಿಡದ ಜೇಡಿಯಾಗಿರಬಹುದು, ಎರಡನೆಯದು ನೀರಿರುವ ಶಿಥಿಲ ಬಂಡೆಯಾಗಿರಬಹುದು. ಕಂಪ್ಯೂಟರ್ ತಂತ್ರಾಂಶ ಇವೆರಡರಲ್ಲಿ ಒಂದನ್ನು ಮುದ್ರಿಸಿ ಕೊಡುತ್ತದೆ, ವಿದ್ಯಾರ್ಥಿ ಅದನ್ನೇ ಸತ್ಯವೆಂದು ತಿಳಿಯುತ್ತಾನೆ. ಹತ್ತಿರದ ಬೋರಿನಲ್ಲಿ ಎಷ್ಟು ಅಡಿಗೆ ಏನು ಬಂತೆಂಬ ದಾಖಲೆಯಿಲ್ಲದೆ ಇದು ಬಗೆಹರಿಯದು.

ಆದ್ದರಿಂದ ಪಠ್ಯಕ್ರಮ ಮಂಡಳಿಗಳು ಕನಿಷ್ಠ ಒಂದು ಪೂರ್ಣ ದಿನದ ಹೊಲದ ಕೆಲಸವನ್ನು ಕಡ್ಡಾಯ ಮಾಡಲಿ. ದಾಖಲೆಯಿರುವ ಬೋರಿನ ಪಕ್ಕದಲ್ಲಿ, ಒಂದೇ ಮಧ್ಯಬಿಂದುವಿನಲ್ಲಿ, ಪರಸ್ಪರ ಲಂಬವಾದ ಎರಡು ದಿಕ್ಕಿನಲ್ಲಿ ಅಳೆಯಲಿ. ಎರಡು ಗ್ರಾಫ್ ಹೊಂದದಿದ್ದರೆ ಪದರಗಳು ಸಮತಲವಾಗಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಅದೇ ಅಂಕಿಗಳಿಗೆ ಹೊಂದುವ ಎರಡು ಬೇರೆ ಉತ್ತರಗಳನ್ನು ವಿದ್ಯಾರ್ಥಿಯೇ ಬರೆಯಲಿ. ಹೊಲದಲ್ಲಿ ಬರೆದ ಮೂಲ ಅಂಕಿಗಳ ಹಾಳೆ ಲಗತ್ತಿಸದ ವರದಿಗೆ ಅಂಕ ಕೊಡಬಾರದು. ಪಾಯಿಂಟ್ ತೋರಿಸಿದವರಿಂದ ಅಂಥದ್ದೇ ಹಾಳೆಯನ್ನು ರೈತರೂ ಕೇಳಿ ಪಡೆಯಬೇಕು.

– ಭೂಭೌತಶಾಸ್ತ್ರ ಬೋಧಿಸುವ ಕೆಲವು ಅಧ್ಯಾಪಕರು