ಬಸೂ, ನಿನ್ನ ಹುಡುಗರ ಪ್ರಶ್ನೆಗಳು ಬೇಕು

ಪ್ರೀತಿಯ ಬಸು,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಚಾಟ್‌ಜಿಪಿಟಿ ಎಲ್ಲಾರ ಫೋನಿನಾಗೂ ಐತಿ, ನೀವು ಕಾಲೇಜ್ ಹುಡುಗ್ರು ಕೂಡಿ ಮತ್ತೊಂದು ವೆಬ್‌ಸೈಟ್ ಯಾಕ ಮಾಡಾಕತ್ತೀರಿ?" ಅಂತ. ಬಸ್ಸಿನ ಗದ್ದಲದಲ್ಲಿ ಸಮಾಧಾನವಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಊರಲ್ಲೇ ಇದ್ದು ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಪಾಠ ಹೇಳುವವರು ಇನ್ನೂ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ವಿಜ್ಞಾನ ಓದುವ ಮಕ್ಕಳಿಗಾಗಿ ನಾವು ಇದನ್ನು, ಅಂದರೆ ಪ್ರಶ್ನೆ ಕೇಳಿದರೆ ಪಠ್ಯಪುಸ್ತಕದಿಂದಲೇ ಉತ್ತರ ಕೊಡುವ ವೆಬ್‌ಸೈಟನ್ನು, ಮಾಡುತ್ತಿರುವುದು. ಟ್ಯೂಷನ್ನಿಗೆ ದುಡ್ಡಿಲ್ಲದವರು, ರಾತ್ರಿ ಎಂಟು ಗಂಟೆಗೆ ಒಂದು ಅನುಮಾನ ಬಂದರೆ ಕೇಳೋಕೆ ಮನೆಯಲ್ಲಿ ಯಾರೂ ಇಲ್ಲದವರು. ನಾವಿಬ್ಬರೂ ಅಂಥ ಮನೆಗಳಿಂದಲೇ ಬಂದವರು, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಕೆಲಸ ಶುರು ಮಾಡುವ ಮುಂಚೆ ಚಾಟ್‌ಜಿಪಿಟಿಯಂಥ ಈಗಿರುವ ಚಾಟ್‌ಬಾಟ್‌ಗಳನ್ನೇ ನಮ್ಮ ತಂಡದವರು ಪರೀಕ್ಷಿಸಿ ನೋಡಿದರು. ಒಂದಕ್ಕೆ 'ಸಮೀಪ ದೃಷ್ಟಿ ದೋಷಕ್ಕೆ ಯಾವ ಮಸೂರ?' ಅಂತ ಕೇಳಿದೆವು. ಪೀನ ಮಸೂರ ಅಂತ ಉತ್ತರ ಬಂತು, ಜೊತೆಗೆ ನಾಲ್ಕು ಸಾಲು ವಿವರಣೆ. ಕನ್ನಡ ಚೆನ್ನಾಗಿತ್ತು, ಎಲ್ಲೂ ತಡವರಿಕೆ ಇಲ್ಲ. ಆದರೆ ಉತ್ತರ ತಪ್ಪು, ಅಲ್ಲಿ ಬೇಕಾದದ್ದು ನಿಮ್ನ ಮಸೂರ. ನೀನಾದರೆ ಓದಿದ ಕೂಡಲೇ ಹಿಡಿಯುತ್ತೀಯ. ಮೊದಲ ಸಲ ಆ ಪಾಠ ಓದುತ್ತಿರುವ ಹುಡುಗಿ ಹೇಗೆ ಹಿಡಿಯಬೇಕು? ಅವಳು ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾಳೆ. ಇನ್ನೊಂದು ಸಲ ಉತ್ತರವೇನೋ ಸರಿಯಾಗಿತ್ತು, ಆದರೆ ಪುಸ್ತಕದಲ್ಲಿ 'ಸರಣಿ ಜೋಡಣೆ' (ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು) ಎಂದಿರುವುದಕ್ಕೆ ಬೇರೇನೋ ಹೆಸರು ಕೊಟ್ಟಿತ್ತು. ಮಗುವಿಗೆ ಅದು ಹೊಸ ಪಾಠವೇ ಅನ್ನಿಸುತ್ತದೆ.

ಹಾಗಾಗಿ ನಮ್ಮ ವೆಬ್‌ಸೈಟ್ ತನಗೆ ತೋಚಿದ್ದನ್ನು ಹೇಳುವ ಹಾಗಿಲ್ಲ. ಪಠ್ಯಪುಸ್ತಕವನ್ನು ಸಣ್ಣ ಸಣ್ಣ ತುಣುಕು ಮಾಡಿ ಇಟ್ಟಿದ್ದೇವೆ. ಪ್ರಶ್ನೆ ಬಂದಾಗ ಅದಕ್ಕೆ ಅರ್ಥದಲ್ಲಿ ಹತ್ತಿರವಿರುವ ತುಣುಕುಗಳನ್ನು ಮೊದಲು ಹುಡುಕಿ, ಅವನ್ನಷ್ಟೇ ಎಐ (ಕೃತಕ ಬುದ್ಧಿಮತ್ತೆ) ಮಾದರಿಯ ಮುಂದಿಟ್ಟು, "ಇದರಲ್ಲಿ ಇರುವುದನ್ನೇ ಸರಳವಾಗಿ ಹೇಳು" ಎನ್ನುತ್ತೇವೆ. ಉತ್ತರದ ಕೆಳಗೆ ಪುಟದ ಸಂಖ್ಯೆ ಬರುತ್ತದೆ. ತುಣುಕು ಸಿಗದಿದ್ದರೆ 'ಪುಸ್ತಕದಲ್ಲಿ ಸಿಗಲಿಲ್ಲ, ನಿಮ್ಮ ಮೇಷ್ಟ್ರನ್ನು ಕೇಳಿ' ಅಂತ ಹೇಳಿ ಸುಮ್ಮನಾಗಬೇಕು. ಹೀಗೆ ಮಾಡಿದರೆ ತಪ್ಪೇ ಆಗುವುದಿಲ್ಲ ಅಂತಲ್ಲ, ಆದರೆ ಆ ಪುಟ ತೆರೆದು ತಾಳೆ ನೋಡುವ ದಾರಿಯಾದರೂ ಮಗುವಿನ ಕೈಯಲ್ಲಿರುತ್ತದೆ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮುಖ್ಯವಾದದ್ದು ಆ ಪುಟಸಂಖ್ಯೆಯೇ.

ಬೆವರು ಹರಿದದ್ದು ಮಾತ್ರ ಎಐ ಕಡೆ ಅಲ್ಲ, ಪುಸ್ತಕದ ಅಕ್ಷರಗಳನ್ನು ಹೊರಗೆ ತೆಗೆಯುವುದರಲ್ಲಿ. ನಮಗೆ ಸಿಕ್ಕ ಪಿಡಿಎಫ್‌ಗಳಲ್ಲಿ ಹಲವು 'ನುಡಿ' ಎಂಬ ಹಳೆಯ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಆದವು. ತೆರೆಯ ಮೇಲೆ ಅಚ್ಚುಕಟ್ಟಾಗಿ 'ಕನ್ನಡ' ಅಂತ ಕಾಣುತ್ತದೆ. ಅದನ್ನೇ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕು, ಪೌಂಡ್ ಗುರುತು, ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಇಂಥವೇ ಸಾಲಾಗಿ ಬರುತ್ತವೆ. ಏಕೆಂದರೆ ಒಳಗೆ ಕನ್ನಡದ ಸಂಕೇತವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದಾರೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯುನಿಕೋಡ್ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮ ಎಷ್ಟೋ ಕಚೇರಿಗಳು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಕಾಣುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಈಗ ಅದನ್ನು ಯುನಿಕೋಡಿಗೆ ತರುವ ಮುಕ್ತ ಪರಿವರ್ತಕಗಳೂ ಇವೆ, ಯಾರೋ ಪುಣ್ಯಾತ್ಮರು ಪುಕ್ಕಟೆಯಾಗಿ ಬರೆದುಕೊಟ್ಟದ್ದು. ಆದರೂ ಅರ್ಕಾವತ್ತು ತೊಂದರೆ ಕೊಡುತ್ತದೆ. 'ಸೂರ್ಯ' ಬರೆಯುವಾಗ ಹಳೆಯ ವಿಧಾನದಲ್ಲಿ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದ ಕಡೆಯೆಲ್ಲ ನಮ್ಮ ತಂಡದ ಹುಡುಗಿಯರಿಬ್ಬರು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ತಿದ್ದಿದರು. ರಾಸಾಯನಿಕ ಸಮೀಕರಣಗಳನ್ನಂತೂ ಪೂರ್ತಿ ಕೈಯಾರೆ ಟೈಪ್ ಮಾಡಬೇಕಾಯಿತು. ಯಾರ ಕಣ್ಣಿಗೂ ಬೀಳದ ಕೆಲಸ. ಅವರ ಶ್ರಮ ನೆನೆದರೆ ನನಗೆ ಹೆಮ್ಮೆ.

ನೀನು ದುಡ್ಡಿನ ವಿಷಯಾನೂ ಕೇಳಿದ್ದೆ. ಎಐ ಬಳಸಿದಷ್ಟಕ್ಕೂ ದುಡ್ಡು ಕೊಡಬೇಕು, ಕನ್ನಡಕ್ಕೆ ಇನ್ನೂ ಜಾಸ್ತಿ, ಯಾಕೆ ಅಂದರೆ ಹೀಗೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು 6 ಸಂಕೇತ, ಒಂದೊಂದಕ್ಕೆ 3 ಬೈಟಿನಂತೆ 18 ಬೈಟು (ಬೈಟು ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿ ಅಳೆಯುವ ಒಂದು ಸಣ್ಣ ಅಳತೆ). ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು. ಎಐ ಕಂಪನಿಗಳು ಲೆಕ್ಕ ಹಾಕುವುದು ಟೋಕನ್ ಎಂಬ ತುಂಡುಗಳಲ್ಲಿ, ಹೆಚ್ಚಾಗಿ ಇಂಗ್ಲಿಷ್ ಓದಿ ಬೆಳೆದ ಮಾದರಿಗಳು ಕನ್ನಡವನ್ನು ಪುಡಿಪುಡಿ ಮಾಡಿಕೊಂಡೇ ಓದುತ್ತವೆ. ಹಾಗಾಗಿ ಅದೇ ಪ್ರಶ್ನೆಗೆ ಕನ್ನಡದಲ್ಲಿ ಖರ್ಚು ಜಾಸ್ತಿ. ಸದ್ಯಕ್ಕೆ ನಾವೇ ಚಂದಾ ಹಾಕಿಕೊಂಡಿದ್ದೇವೆ. ಪದೇ ಪದೇ ಬರುವ ಪ್ರಶ್ನೆಗಳ ಉತ್ತರವನ್ನು ಒಮ್ಮೆ ಪರಿಶೀಲಿಸಿ ಉಳಿಸಿಟ್ಟರೆ ಆ ಖರ್ಚು ತಗ್ಗುತ್ತದೆ. ಮುಂದೆ ಮಾತಿನಲ್ಲೇ ಪ್ರಶ್ನೆ ಕೇಳುವ ಹಾಗೆ ಮಾಡುವ ಆಸೆಯಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡಕ್ಕೂ ಮಾತು ಗುರುತಿಸುವ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿರುವುದರಿಂದ ಆ ಧೈರ್ಯ.

ತಂಡದೊಳಗೆ ಜೋರು ವಾದ ನಡೆದದ್ದು ಲೆಕ್ಕಗಳ ಬಗ್ಗೆ. '220 ವೋಲ್ಟ್, 100 ವ್ಯಾಟ್ ಬಲ್ಬಿನ ರೋಧ ಎಷ್ಟು?' ಅಂತ ಕೇಳಿದರೆ 484 ಓಮ್ ಅಂತ ನೇರವಾಗಿ ಹೇಳಿಬಿಡಬೇಕೋ ಬೇಡವೋ? ಹೇಳಿದರೆ ಹೋಮ್‌ವರ್ಕ್ ಮುಗಿಯುತ್ತದೆ, ಕಲಿಕೆ ಅಲ್ಲೇ ಉಳಿಯುತ್ತದೆ. ಹೇಳಬಾರದು ಅಂತ ನಾನು ಹಟ ಹಿಡಿದೆ. ಈಗ ನಮ್ಮ ವೆಬ್‌ಸೈಟ್ ಮೊದಲು "ಸಾಮರ್ಥ್ಯ, ವಿಭವಾಂತರ ಎರಡೂ ಗೊತ್ತಿವೆ, ರೋಧವೂ ಇರುವ ಸೂತ್ರ ಯಾವುದು?" ಅಂತ ಕೇಳುತ್ತದೆ. ಮಗು ಒಂದು ಹೆಜ್ಜೆ ಇಟ್ಟ ಮೇಲೆ ಮುಂದಿನದು. ಗುಣಾಕಾರ ಭಾಗಾಕಾರವನ್ನು ಎಐಗೆ ಬಿಡದೆ ಸಾಮಾನ್ಯ ಪ್ರೋಗ್ರಾಮಿನಿಂದಲೇ ಮಾಡಿಸುತ್ತೇವೆ. ಪರೀಕ್ಷೆಯ ದಿನಾಂಕ, ಶುಲ್ಕ, ಸೀಟಿನ ಬಗ್ಗೆ ಕೇಳಿದರೆ ಅದು ಉತ್ತರ ಕೊಡುವುದಿಲ್ಲ, ಪರೀಕ್ಷಾ ಮಂಡಳಿಯ ಜಾಲತಾಣಕ್ಕೆ ಕಳಿಸುತ್ತದೆ. ಅಲ್ಲಿ ಒಂದು ದಿನ ತಪ್ಪಿದರೂ ಮಗುವಿಗೆ ದೊಡ್ಡ ನಷ್ಟ ಆಗಬಹುದು.

ಲಾಗಿನ್ ಇಲ್ಲ, ಫೋನ್ ನಂಬರ್ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ ನಾವು ಕೇಳುತ್ತಿರಲಿಲ್ಲ. ಬೆಳಕಿನ ಪಾಠ ಅರ್ಥವಾಗಲಿಲ್ಲ ಅನ್ನೋದಕ್ಕೆ ಅಪ್ಪನ ಮೊಬೈಲ್ ನಂಬರ್ ಯಾಕೆ ಬೇಕು?

ಈಗ ನಿನ್ನಿಂದ ಆಗಬೇಕಾದ ಕೆಲಸ. ನಾವು ಕೂತು ಬರೆದ ಪ್ರಶ್ನೆಗಳೆಲ್ಲ ಪುಸ್ತಕದ ಭಾಷೆಯಲ್ಲಿವೆ, ಅವಕ್ಕೆ ಇದು ಚೆನ್ನಾಗಿಯೇ ಉತ್ತರಿಸುತ್ತದೆ. ನಿಜವಾದ ಮಕ್ಕಳು ಹಾಗೆ ಕೇಳುವುದಿಲ್ಲ. "ಸರ, ಮನ್ಯಾಗಿನ ಒಂದ್ ಬಲ್ಬ್ ಹೋದ್ರ ಉಳದದ್ದು ಯಾಕ ಆರಂಗಿಲ್ಲ?" ಅಂತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ, ಅರ್ಧ ಪ್ರಶ್ನೆ ಬರೆದು ಬಿಡುತ್ತಾರೆ. ಅಂಥ ಮಾತಿನಿಂದ ಸಮಾಂತರ ಜೋಡಣೆಯ (ಪ್ರತಿ ಬಲ್ಬಿಗೂ ಬೇರೆ ಬೇರೆ ದಾರಿಯಲ್ಲಿ ಕರೆಂಟು ಹರಿಯುವ ಜೋಡಣೆ) ಪುಟಕ್ಕೆ ಇದು ಬಂದು ಮುಟ್ಟುತ್ತದೆಯೇ ಎಂದು ನೋಡಬೇಕು. ನಿನ್ನ ಹುಡುಗರಿಗೆ ಒಂದು ಹಳೆ ನೋಟ್‌ಬುಕ್ ಕೊಡು, ಏನು ಅನ್ನಿಸುತ್ತೋ ಹಾಗೇ ಬರೆಯಲಿ. ಕಾಗುಣಿತ ತಿದ್ದಬೇಡ, ಸಾಲು ನೇರ ಮಾಡಬೇಡ, ಹೆಸರು ಬರೆಸಬೇಡ. ವಿದ್ಯುಚ್ಛಕ್ತಿ ಮತ್ತು ಬೆಳಕಿನ ಪಾಠ ಮೊದಲು ಮುಗಿಸು. ಪುಟಗಳ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಸಾಕು, ಟೈಪ್ ನಾವು ಮಾಡಿಕೊಳ್ಳುತ್ತೇವೆ.

ಮುಂದಿನ ಸಲ ಊರಿಗೆ ಬಂದಾಗ ನಿನ್ನ ಸಂಜೆ ಪಾಠದಲ್ಲೇ ಲ್ಯಾಪ್‌ಟಾಪ್ ತೆರೆದು ಅವರ ಕೈಗೇ ಕೊಡುತ್ತೇನೆ. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ