ದೇವಕಣಗಿಲೆ ಮರದ ಹುಳು

ಕೌರು, ಫ್ರೆಂಚ್ ಗಯಾನಾ (ದಕ್ಷಿಣ ಅಮೆರಿಕ)

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಉಪಗ್ರಹದ ಕೆಲಸ ಸುಸೂತ್ರವಾಗಿ ನಡೆದಿದೆ, ಊಟಕ್ಕೂ ತೊಂದರೆ ಇಲ್ಲ. ಇವತ್ತು ನಿನಗೆ ಒಂದು ಹುಳುವಿನ ವಿಷಯ ಹೇಳಲೇಬೇಕು.

ನಾವಿರುವ ಮನೆಯ ಮುಂದೆ ದೇವಕಣಗಿಲೆ ಮರ ಇದೆ. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಇರುತ್ತಲ್ಲ, ಅದೇ. ಅದರ ತವರು ಅಮೆರಿಕ ಖಂಡ. ಮರ ನಮ್ಮಲ್ಲಿಗೆ ಬಂತು, ಅದರ ಎಲೆ ತಿಂದು ಬೆಳೆಯುವ ಈ ಹುಳು ಮಾತ್ರ ಇಲ್ಲೇ ಉಳಿಯಿತು. ಫ್ಲೋರಿಡಾದಿಂದ ಹಿಡಿದು ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಪರಾಗ್ವೆವರೆಗೂ ಇದೆ.

ಎಷ್ಟು ಚೆಂದ ಗೊತ್ತಾ! ಮಖಮಲ್ಲಿನಂಥ ಕಪ್ಪು ಮೈ, ಸುತ್ತಲೂ ಹಳದಿ ಪಟ್ಟೆ, ಕೆಂಪು ತಲೆ, ಹಿಂದೆ ತೆಳ್ಳಗಿನ ಕಪ್ಪು ಬಾಲ. 15 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಒಂದು ಹುಳು ಎಲೆಯ ಅಂಚಿನಿಂದ ಶುರುಮಾಡಿ ನಡುನರದವರೆಗೆ ಕತ್ತರಿಸುತ್ತಾ ಹೋಯಿತು. ತಲೆ ಮೇಲಿಂದ ಕೆಳಗೆ, ಮತ್ತೆ ಮೇಲಕ್ಕೆ. ದಿನಕ್ಕೆ ಇಂಥ ಮೂರು ದೊಡ್ಡ ಎಲೆ ಮುಗಿಸಬಲ್ಲದು. ಆ ಎಲೆಯ ಹಾಲು ವಿಷ, ಆದರೂ ಇದಕ್ಕೆ ಏನೂ ಆಗುವುದಿಲ್ಲ. ನನ್ನ ತಂಟೆಗೆ ಬರಬೇಡಿ ಅಂತ ಹಕ್ಕಿಗಳಿಗೆ ಹೇಳುವುದಕ್ಕೇ ಈ ಬಣ್ಣ.

ಇದರ ತಾಯಿ ಪತಂಗ ಮೊಟ್ಟೆಗಳನ್ನು ಎಲೆ ಮೇಲೆ 50ರಿಂದ 100ರವರೆಗೆ ಗುಂಪಾಗಿ ಇಡುತ್ತದೆ. ಮರಿಗಳು ಮೊದಮೊದಲು ಒಟ್ಟಿಗೇ ಮೇಯುತ್ತವೆ. ಬಲಿತ ಮೇಲೆ ಮರ ಇಳಿದು, ತರಗೆಲೆಯ ಅಡಿ ಸೇರಿ ಪ್ಯೂಪಾ (ಪತಂಗವಾಗುವ ಮುಂಚಿನ ಕೋಶ) ಆಗುತ್ತವೆ. ಇಷ್ಟು ಬಣ್ಣದ ಹುಳುವಿನಿಂದ ಹೊರಬರುವ ಪತಂಗ ಮಾತ್ರ ಬರೀ ಬೂದು! ತೊಗಟೆ ಮೇಲೆ ಕೂತರೆ ಗೊತ್ತೇ ಆಗುವುದಿಲ್ಲ. ರೆಕ್ಕೆ ಬಿಚ್ಚಿದರೆ ಸುಮಾರು 13 ಸೆಂಟಿಮೀಟರ್ ಅಗಲ. ಹೆಣ್ಣು ಇನ್ನೂ ದೊಡ್ಡದು, ಬಣ್ಣ ಸ್ವಲ್ಪ ತಿಳಿ.

ಇನ್ನೊಂದು ವಿಷಯ ಕೇಳು. ದೇವಕಣಗಿಲೆ ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಘಮ ಜಾಸ್ತಿ. ಅದನ್ನು ನಂಬಿ ಈ ಬಳಗದ ಪತಂಗಗಳು ಬಂದು, ಉದ್ದ ನಾಲಿಗೆ ಚಾಚಿ ಹೂವಿಂದ ಹೂವಿಗೆ ಹುಡುಕುತ್ತವೆ. ಅಷ್ಟರಲ್ಲಿ ಪರಾಗ ಹಂಚಿಕೆಯಾಗಿರುತ್ತದೆ.

ಪಕ್ಕದ ಮನೆಯವರು ಔಷಧಿ ಹೊಡೆಯುತ್ತೇವೆ ಅಂದರು. ದಯವಿಟ್ಟು ಬೇಡ ಅಂತ ಕೇಳಿಕೊಂಡೆ. ಮಳೆಯಿಲ್ಲದ ಕಾಲದಲ್ಲಿ ಸುಮ್ನೆ ಎಲೆ ಉದುರಿಸಿ ಮತ್ತೆ ಚಿಗುರುವ ಮರ ಅದು. ಹುಳು ತಿಂದು ಬೋಳಾದರೂ ಚಿಗುರುತ್ತದೆ.

ನಮ್ಮ ನಂದಿಬಟ್ಟಲಿಗೆ ದಪ್ಪ ಹಸಿರು ಹುಳು ಬರುತ್ತಲ್ಲ, ಮುಂದೆ ಎರಡು ನೀಲಿ ಕಣ್ಣಿನಂಥ ಗುರುತು ಇರುವುದು? ಅದೂ ಇದೇ ಬಳಗದ್ದು. ಈ ಸಲ ಬಂದರೆ ಕಿತ್ತು ಬಿಸಾಡಬೇಡಮ್ಮ. ಫೋಟೋ ತೆಗೆದು ಕಳಿಸು. ಅಪ್ಪನಿಗೂ ಹೇಳಿಡು.

ನಿನ್ನ ಮಗಳು